ಮೊದಲ ಕ್ಲೌಡ್ ಸರ್ವರ್: ಖಾತೆ ಭದ್ರಪಡಿಸುವುದರಿಂದ ಯಂತ್ರ ಅಳಿಸುವವರೆಗಿನ ಹಂತಗಳು

ಕ್ಲೌಡ್ ಕಂಪ್ಯೂಟಿಂಗ್ ಕಲಿಯಲು ಹೊರಟವರು ಪದೇ ಪದೇ ಎಡವುವುದು ಮೂರು ಜಾಗಗಳಲ್ಲಿ. ಸರ್ವರ್ ಚಾಲೂ ಆಗಿದೆ ಎಂದು ಪರದೆ ತೋರಿಸುತ್ತದೆ, ಆದರೆ ಅದರೊಳಗೆ ಹೋಗಲು ಆಗುವುದಿಲ್ಲ. ಒಳಗೆ ಹೋಗಿ ವೆಬ್ ಸರ್ವರ್, ಅಂದರೆ ವೆಬ್ ಪುಟ ಕಳಿಸುವ ತಂತ್ರಾಂಶ, ಅಳವಡಿಸಿದರೂ ಬ್ರೌಸರಿನಲ್ಲಿ ಪುಟ ತೆರೆಯುವುದಿಲ್ಲ. ಎಲ್ಲವನ್ನೂ ನಿಲ್ಲಿಸಿದೆವು ಎಂದು ನಿಶ್ಚಿಂತರಾದ ಮೇಲೂ ತಿಂಗಳ ಕೊನೆಗೆ ಬಿಲ್ ಬರುತ್ತದೆ. ಈ ಮೂರು ತೊಡಕುಗಳಿಗೂ ಬಹುತೇಕ ಕಾರಣ ಒಂದೇ: ಯಂತ್ರವನ್ನು ಮೊದಲು ಎಬ್ಬಿಸಿ, ಖಾತೆಯ ಭದ್ರತೆ, ಖರ್ಚಿನ ಮಿತಿ ಮತ್ತು ಜಾಲದ ನಿಯಮಗಳನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟುಬಿಡುವುದು. ಆದ್ದರಿಂದ ಕೆಳಗಿನ ಕ್ರಮದಲ್ಲಿ ಯಂತ್ರ ಬರುವುದು ಐದನೆಯ ಹಂತದಲ್ಲಿ. ಅದಕ್ಕಿಂತ ಮುಂಚಿನ ನಾಲ್ಕನ್ನು ದಯವಿಟ್ಟು ಹಾರಿಸಬೇಡಿ.

ಉದಾಹರಣೆಗಾಗಿ ಅಮೆಜಾನ್ ವೆಬ್ ಸರ್ವಿಸಸ್, ಅಂದರೆ ಎಡಬ್ಲ್ಯುಎಸ್‌ನ ಮುಂಬೈ ರೀಜನ್ (ಅಲ್ಲಿನ ಡೇಟಾ ಸೆಂಟರುಗಳ ಗುಂಪು) ಅನ್ನು ಬಳಸಲಾಗಿದೆ. ಮೈಕ್ರೋಸಾಫ್ಟ್ ಅಜೂರ್ ಅಥವಾ ಗೂಗಲ್ ಕ್ಲೌಡ್‌ನಲ್ಲಿ ಗುಂಡಿಗಳ ಹೆಸರು ಬೇರೆಯಾದರೂ ಹಂತಗಳ ಕ್ರಮ ಇದೇ.

## ಶುರು ಮಾಡುವ ಮುನ್ನ ತಿಳಿದಿರಬೇಕಾದ ಒಂದು ವಿಷಯ

ಕ್ಲೌಡ್ ಎಂದರೆ ಇನ್ನೊಬ್ಬರ ಡೇಟಾ ಸೆಂಟರಿನಲ್ಲಿರುವ ಕಂಪ್ಯೂಟರ್ ಸಾಮರ್ಥ್ಯವನ್ನು ಅಂತರ್ಜಾಲದ ಮೂಲಕ, ಬೇಕಾದಾಗ, ಬಳಸಿದಷ್ಟಕ್ಕೆ ಹಣ ಕೊಟ್ಟು ಪಡೆಯುವುದು. ಮನೆಯ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಕ್ಲೌಡ್‌ನಲ್ಲಿ ಹಾಗಿಲ್ಲ. ಪ್ರೊಸೆಸರ್ ಮತ್ತು ಮೆಮೊರಿಯ ಬಳಕೆ ಒಂದು ಬಾಬ್ತು, ಡಿಸ್ಕ್ ಇನ್ನೊಂದು, ಸಾರ್ವಜನಿಕ ಐಪಿ ವಿಳಾಸ (ಅಂತರ್ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಮತ್ತೊಂದು, ಹೊರಹೋಗುವ ಡೇಟಾ ಮಗದೊಂದು. ಪ್ರತಿಯೊಂದಕ್ಕೂ ಪ್ರತ್ಯೇಕ ದರವಿದೆ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳಿಸಬೇಕಾಗಬಹುದು. ಈ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಕೊನೆಯ ಎರಡು ಹಂತಗಳು ತಾವಾಗಿಯೇ ಅರ್ಥವಾಗುತ್ತವೆ.

ಹೊಣೆಯೂ ಹಂಚಿಹೋಗಿದೆ. ಕಟ್ಟಡ, ವಿದ್ಯುತ್, ಭೌತಿಕ ಯಂತ್ರಗಳು ಕಂಪನಿಯ ಜವಾಬ್ದಾರಿ. ನಿಮ್ಮ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್, ತೆರೆದಿಟ್ಟ ಪೋರ್ಟ್‌ಗಳು (ಜಾಲದಿಂದ ಯಂತ್ರಕ್ಕೆ ಬರುವ, ಸಂಖ್ಯೆ ಕೊಟ್ಟ ಬಾಗಿಲುಗಳು), ಪಾಸ್‌ವರ್ಡ್‌ಗಳು, ಡೇಟಾದ ಬ್ಯಾಕಪ್ ಪೂರ್ತಿಯಾಗಿ ನಿಮ್ಮವು.

ಕೈಯಲ್ಲಿ ಇರಬೇಕಾದವು: ಬೇರೆ ಕೆಲಸಕ್ಕೆ ಬಳಸದ ಒಂದು ಇಮೇಲ್ ವಿಳಾಸ, ಆನ್‌ಲೈನ್ ಪಾವತಿಗೆ ಸಕ್ರಿಯಗೊಳಿಸಿದ ಕಾರ್ಡ್, ಒಟಿಪಿ ಬರುವ ಮೊಬೈಲ್, ಅದರಲ್ಲಿ ಗೂಗಲ್ ಅಥೆಂಟಿಕೇಟರ್‌ನಂಥ ಒಂದು ಆ್ಯಪ್, ಮತ್ತು ದೊಡ್ಡ ಪರದೆಯ ಕಂಪ್ಯೂಟರ್. ಮೊಬೈಲ್ ಬ್ರೌಸರಿನಲ್ಲಿ ಈ ಕೆಲಸ ಮಾಡಲು ಹೋದರೆ ಅರ್ಧ ಆಯ್ಕೆಗಳು ಕಣ್ಣಿಗೇ ಬೀಳುವುದಿಲ್ಲ.

## ಹಂತ 1: ಖಾತೆ ತೆರೆಯುವುದು ಮತ್ತು ಸರಿಯಾದ ಯೋಜನೆ ಆರಿಸುವುದು

ನೋಂದಣಿಯ ವೇಳೆ ಉಚಿತ ಯೋಜನೆ, ಪಾವತಿ ಯೋಜನೆ ಎಂಬ ಎರಡು ಆಯ್ಕೆಗಳು ಬರುತ್ತವೆ. ಕಲಿಯುವವರು ಉಚಿತ ಯೋಜನೆಯನ್ನೇ ಆರಿಸಬೇಕು. ಹಳೆಯ ವೀಡಿಯೊಗಳು ಮತ್ತು ಲೇಖನಗಳು "ಹನ್ನೆರಡು ತಿಂಗಳು ಉಚಿತ, ತಿಂಗಳಿಗೆ 750 ಗಂಟೆ" ಎಂದು ಹೇಳುತ್ತವೆ. 2025ರ ಜುಲೈ 15ರಿಂದ ತೆರೆದ ಹೊಸ ಖಾತೆಗಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಈಗ ನೋಂದಣಿಗೆ 100 ಡಾಲರ್ ಕ್ರೆಡಿಟ್ (ಬಳಕೆಯ ಶುಲ್ಕದಲ್ಲಿ ಕಳೆಯುವ ಮೊತ್ತ) ಸಿಗುತ್ತದೆ, ಸೂಚಿಸಿದ ಕೆಲವು ಚಟುವಟಿಕೆಗಳನ್ನು ಪೂರೈಸಿದರೆ ಇನ್ನೂ 100 ಡಾಲರ್‌ವರೆಗೆ ಗಳಿಸಬಹುದು. ಉಚಿತ ಯೋಜನೆ 6 ತಿಂಗಳು ಅಥವಾ ಕ್ರೆಡಿಟ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಯಾವ ಮಾರ್ಗದರ್ಶಿಯನ್ನೇ ಓದುತ್ತಿರಲಿ, ಅದು ಈ ದಿನಾಂಕಕ್ಕಿಂತ ಹಿಂದಿನದೋ ಮುಂದಿನದೋ ಎಂಬುದನ್ನು ಮೊದಲು ನೋಡಿ.

ವಿಳಾಸವನ್ನು ನಿಮ್ಮ ದಾಖಲೆಗಳಲ್ಲಿ ಇರುವಂತೆಯೇ ಕೊಡಿ. ಭಾರತದ ವಿಳಾಸ ಕೊಟ್ಟ ಖಾತೆಯ ಬಿಲ್‌ಗೆ 18% ಜಿಎಸ್‌ಟಿ ಸೇರುತ್ತದೆ ಎಂಬುದನ್ನು, ಮುಂದೆ ಪಾವತಿ ಯೋಜನೆಗೆ ಹೋಗುವವರು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ಒಂದು ಎಚ್ಚರಿಕೆ: ಉಚಿತ ಯೋಜನೆಯಲ್ಲಿರುವಾಗ "ಆರ್ಗನೈಜೇಷನ್ಸ್" ಎಂಬ ಸೇವೆಯನ್ನು ಕುತೂಹಲಕ್ಕಾಗಿಯೂ ಚಾಲೂ ಮಾಡಬೇಡಿ. ಹಲವು ಖಾತೆಗಳನ್ನು ಒಟ್ಟಿಗೆ ನಿರ್ವಹಿಸಲು ಇರುವ ಆ ಸೇವೆಗೆ ಖಾತೆ ಸೇರಿದೊಡನೆ ಅದು ಪಾವತಿ ಯೋಜನೆಗೆ ಬದಲಾಗುತ್ತದೆ.

## ಹಂತ 2: ರೂಟ್ ಖಾತೆಗೆ ಬೀಗ ಹಾಕುವುದು

ನೋಂದಾಯಿಸಿದ ಇಮೇಲ್‌ನಿಂದ ಪ್ರವೇಶಿಸುವ ಖಾತೆಗೆ ರೂಟ್ ಎಂದು ಹೆಸರು. ಅದಕ್ಕೆ ಅಸಾಧ್ಯವಾದದ್ದು ಬಹುತೇಕ ಏನೂ ಇಲ್ಲ. ಅದು ಕಳ್ಳರ ಕೈಗೆ ಸಿಕ್ಕರೆ ಅವರು ದುಬಾರಿ ಯಂತ್ರಗಳನ್ನು ಎಬ್ಬಿಸಿ ಕ್ರಿಪ್ಟೊ ಗಣಿಗಾರಿಕೆಗೆ ಬಳಸುತ್ತಾರೆ, ಬಿಲ್ ನಿಮ್ಮ ಹೆಸರಿಗೆ ಬರುತ್ತದೆ. ಆದ್ದರಿಂದ ಖಾತೆ ತೆರೆದ ದಿನವೇ ಈ ಕೆಲಸಗಳನ್ನು ಇದೇ ಕ್ರಮದಲ್ಲಿ ಮುಗಿಸಿ.

ಮೊದಲನೆಯದಾಗಿ, ಕನ್ಸೋಲಿನ (ಖಾತೆ ನಿರ್ವಹಿಸುವ ವೆಬ್ ಪುಟದ) ಬಲ ಮೇಲ್ತುದಿಯಲ್ಲಿರುವ ಹೆಸರನ್ನು ಒತ್ತಿ "ಸೆಕ್ಯುರಿಟಿ ಕ್ರೆಡೆನ್ಷಿಯಲ್ಸ್" ಪುಟಕ್ಕೆ ಹೋಗಿ ಎಂಎಫ್‌ಎ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತಿನ ಪರೀಕ್ಷೆ, ಸೇರಿಸಿ. ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಬಳಿಕ ಎರಡು ಸಂಖ್ಯೆಗಳನ್ನು ಕೇಳುತ್ತದೆ. ಒಂದೇ ಸಂಖ್ಯೆಯನ್ನು ಎರಡು ಬಾರಿ ತುಂಬಿ ವಿಫಲರಾಗುವವರು ಅನೇಕರು. ಮೊದಲ ಸಂಖ್ಯೆ ತುಂಬಿ, ಅದು ಬದಲಾಗುವವರೆಗೆ ಕಾದು, ಆಮೇಲೆ ಬಂದ ಸಂಖ್ಯೆಯನ್ನು ಎರಡನೆಯ ಜಾಗದಲ್ಲಿ ತುಂಬಬೇಕು. ಸಾಧ್ಯವಿದ್ದರೆ ಇನ್ನೊಂದು ಸಾಧನವನ್ನೂ ಸೇರಿಸಿ, ಏಕೆಂದರೆ ಮೊಬೈಲ್ ಕಳೆದರೆ ಖಾತೆಗೆ ಮರಳುವ ದಾರಿ ಬಹಳ ಉದ್ದ. ಒಂದು ರೂಟ್ ಖಾತೆಗೆ 8 ಸಾಧನಗಳವರೆಗೆ ಅವಕಾಶವಿದೆ.

ಎರಡನೆಯದಾಗಿ, ಅದೇ ಪುಟದಲ್ಲಿ "ಆ್ಯಕ್ಸೆಸ್ ಕೀ" ಎಂಬ ಭಾಗವಿದೆ, ಪ್ರೋಗ್ರಾಮ್‌ಗಳು ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಸಂಕೇತ ಅದು. ರೂಟ್ ಖಾತೆಗೆ ಅದನ್ನು ಎಂದಿಗೂ ರಚಿಸಬೇಡಿ. ಪ್ರೋಗ್ರಾಮ್‌ನೊಳಗೆ ಬರೆದಿಟ್ಟ ಕೀಗಳು ಗಿಟ್‌ಹಬ್‌ನಂಥ ಸಾರ್ವಜನಿಕ ಜಾಗಕ್ಕೆ ಹೋದರೆ ಅವುಗಳನ್ನು ಹುಡುಕುವ ಸ್ವಯಂಚಾಲಿತ ಪ್ರೋಗ್ರಾಮ್‌ಗಳು ಬಹಳ ಬೇಗ ಪತ್ತೆಮಾಡುತ್ತವೆ.

ಮೂರನೆಯದಾಗಿ, ದಿನನಿತ್ಯದ ಕೆಲಸಕ್ಕೆ ಐಎಎಂ ಸೇವೆಯಲ್ಲಿ (ಬಳಕೆದಾರರನ್ನೂ ಅವರ ಅಧಿಕಾರಗಳನ್ನೂ ನಿರ್ವಹಿಸುವ ಜಾಗ) ಪ್ರತ್ಯೇಕ ಬಳಕೆದಾರರನ್ನು ರಚಿಸಿ, ಕನ್ಸೋಲ್ ಪ್ರವೇಶ ಕೊಟ್ಟು, "ಅಡ್ಮಿನಿಸ್ಟ್ರೇಟರ್ ಆ್ಯಕ್ಸೆಸ್" ಎಂಬ ನೀತಿಯನ್ನು (ಅಧಿಕಾರಗಳ ಪಟ್ಟಿ) ಜೋಡಿಸಿ, ಅವರಿಗೂ ಎಂಎಫ್‌ಎ ಹಾಕಿ. ಇಲ್ಲಿ ಒಂದು ಮರೆವು ಸಾಮಾನ್ಯ. ಈ ಬಳಕೆದಾರರಿಗೆ ಎಲ್ಲ ಅಧಿಕಾರ ಕೊಟ್ಟಿದ್ದರೂ ಬಿಲ್ ಪುಟ ತೆರೆದರೆ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ರೂಟ್ ಆಗಿ ಪ್ರವೇಶಿಸಿ, "ಅಕೌಂಟ್" ಪುಟದ ಕೆಳಭಾಗದಲ್ಲಿ ಐಎಎಂ ಬಳಕೆದಾರರಿಗೆ ಬಿಲ್ಲಿಂಗ್ ಮಾಹಿತಿ ತೋರಿಸುವ ಆಯ್ಕೆಯನ್ನು ಸಕ್ರಿಯಗೊಳಿಸಿದ ಮೇಲಷ್ಟೇ ಅದು ತೆರೆಯುತ್ತದೆ. ಇದು ಮುಗಿದ ಬಳಿಕ ರೂಟ್‌ನಿಂದ ಹೊರಬನ್ನಿ. ಮುಂದಿನ ಎಲ್ಲ ಹಂತಗಳನ್ನೂ ಹೊಸ ಬಳಕೆದಾರರಾಗಿಯೇ ಮಾಡಬೇಕು.

## ಹಂತ 3: ಖರ್ಚಿನ ಎಚ್ಚರಿಕೆ

"ಬಿಲ್ಲಿಂಗ್ ಆ್ಯಂಡ್ ಕಾಸ್ಟ್ ಮ್ಯಾನೇಜ್‌ಮೆಂಟ್" ವಿಭಾಗದಲ್ಲಿ "ಬಜೆಟ್ಸ್" ತೆರೆದು, ಸಿದ್ಧ ಮಾದರಿಗಳಲ್ಲಿ "ಜೀರೋ ಸ್ಪೆಂಡ್ ಬಜೆಟ್" ಆರಿಸಿ, ದಿನವೂ ನೋಡುವ ಇಮೇಲ್ ವಿಳಾಸ ಕೊಡಿ. ಖರ್ಚು 0.01 ಡಾಲರ್ ದಾಟಿದರೆ ಪತ್ರ ಬರುತ್ತದೆ. ಜೊತೆಗೆ ಮಾಸಿಕ ಬಜೆಟ್ ಒಂದನ್ನು 5 ಡಾಲರ್‌ನಂಥ ಸಣ್ಣ ಮೊತ್ತಕ್ಕೆ ರಚಿಸಿ. ಬಜೆಟ್ ರಚಿಸುವುದು ಕ್ರೆಡಿಟ್ ಗಳಿಸಿಕೊಡುವ ಚಟುವಟಿಕೆಗಳಲ್ಲಿಯೂ ಒಂದು.

ಬಜೆಟ್ ಎಂಬ ಹೆಸರು ನೋಡಿ ಮೊತ್ತ ಮುಟ್ಟಿದೊಡನೆ ಸೇವೆ ನಿಲ್ಲುತ್ತದೆ ಎಂದು ಭಾವಿಸಬಾರದು. ಅದು ತಿಳಿಸುತ್ತದೆ, ತಡೆಯುವುದಿಲ್ಲ. ಮಾಹಿತಿ ದಿನಕ್ಕೆ ಹೆಚ್ಚೆಂದರೆ ಮೂರು ಬಾರಿ ನವೀಕರಣಗೊಳ್ಳುವುದರಿಂದ, ಪತ್ರ ಕೈಸೇರುವ ಹೊತ್ತಿಗೆ ಕೆಲವು ಗಂಟೆಗಳ ಖರ್ಚು ಆಗಿಹೋಗಿರುತ್ತದೆ. ಆದ್ದರಿಂದ ಪತ್ರ ಬಂದರೆ ನಾಳೆ ನೋಡೋಣ ಎನ್ನದೆ ಅಂದೇ ಖಾತೆ ತೆರೆಯಿರಿ.

## ಹಂತ 4: ರೀಜನ್ ನಿಶ್ಚಯಿಸುವುದು

ರೀಜನ್ ಎಂದರೆ ಒಂದು ಭೂಪ್ರದೇಶದಲ್ಲಿರುವ ಡೇಟಾ ಸೆಂಟರುಗಳ ಗುಂಪು. ಭಾರತದಲ್ಲಿ ಎಡಬ್ಲ್ಯುಎಸ್‌ಗೆ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲಿ ರೀಜನ್ ಇದೆ. ಕರ್ನಾಟಕದಿಂದ ಕಲಿಯುವವರಿಗೆ ಮುಂಬೈ ಅನುಕೂಲ, ಏಕೆಂದರೆ ಅದು ಮೊದಲಿನಿಂದಲೇ ಸಕ್ರಿಯವಾಗಿರುತ್ತದೆ. ಹೈದರಾಬಾದ್ ಅನ್ನು ಖಾತೆಯಲ್ಲಿ ಪ್ರತ್ಯೇಕವಾಗಿ ಸಕ್ರಿಯಗೊಳಿಸಬೇಕಾಗುತ್ತದೆ. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ಕನ್ನಡಿಗರು ತಮಗೆ ಹತ್ತಿರದ್ದನ್ನು ಆರಿಸಿಕೊಳ್ಳಲಿ.

"ನಿನ್ನೆ ಮಾಡಿದ ಸರ್ವರ್ ಇಂದು ಕಾಣಿಸುತ್ತಿಲ್ಲ" ಎಂಬ ದೂರಿಗೆ ಕಾರಣ ಬಹುತೇಕ ಇಲ್ಲೇ ಇರುತ್ತದೆ. ಕನ್ಸೋಲ್ ಒಂದು ಹೊತ್ತಿಗೆ ಒಂದೇ ರೀಜನ್‌ನ ಯಂತ್ರಗಳನ್ನು ತೋರಿಸುತ್ತದೆ. ಮೇಲ್ಭಾಗದ ಪಟ್ಟಿಯಲ್ಲಿ ಮುಂಬೈ ಎಂದಿದೆಯೇ ಎಂದು ಪ್ರತಿ ಬಾರಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಾಣಿಸದ ಯಂತ್ರವೂ ಹಣ ಖರ್ಚು ಮಾಡುತ್ತಲೇ ಇರುತ್ತದೆ.

## ಹಂತ 5: ಯಂತ್ರವನ್ನು ರಚಿಸುವುದು

ಎಡಬ್ಲ್ಯುಎಸ್‌ನಲ್ಲಿ ವರ್ಚುವಲ್ ಯಂತ್ರಗಳ (ಭೌತಿಕ ಯಂತ್ರದೊಳಗೆ ತಂತ್ರಾಂಶದಿಂದ ರಚಿಸಿದ ಕಂಪ್ಯೂಟರುಗಳ) ಸೇವೆಗೆ ಇಸಿ2 ಎಂದೂ, ಒಂದೊಂದು ಯಂತ್ರಕ್ಕೆ ಇನ್‌ಸ್ಟೆನ್ಸ್ ಎಂದೂ ಹೆಸರು. "ಲಾಂಚ್ ಇನ್‌ಸ್ಟೆನ್ಸ್" ಒತ್ತಿದಾಗ ಬರುವ ಉದ್ದನೆಯ ಪುಟದಲ್ಲಿ ಗಮನ ಕೊಡಬೇಕಾದ ಜಾಗಗಳು ಇವು.

ಹೆಸರು: ಖಾಲಿ ಬಿಡಬೇಡಿ. "ಕಲಿಕೆ-ಅಳಿಸಬಹುದು" ಎಂಬಂಥ ಹೆಸರು ಕೊಟ್ಟರೆ ಮುಂದೆ ಪಟ್ಟಿಯಲ್ಲಿ ಗುರುತಿಸುವುದು ಸುಲಭ.

ಆಪರೇಟಿಂಗ್ ಸಿಸ್ಟಮ್: ಅಮೆಜಾನ್ ಲಿನಕ್ಸ್ 2023 ಆರಿಸಿ. ಬ್ರೌಸರಿನಿಂದಲೇ ಒಳಹೋಗಲು ಬೇಕಾದ ತಂತ್ರಾಂಶ ಅದರಲ್ಲಿ ಮೊದಲೇ ಇರುತ್ತದೆ.

ಯಂತ್ರದ ಗಾತ್ರ: ಟಿ3 ಮೈಕ್ರೋ ಸಾಕು, ಅದರಲ್ಲಿ 2 ವರ್ಚುವಲ್ ಪ್ರೊಸೆಸರ್ ಮತ್ತು 1 ಜಿಬಿ ಮೆಮೊರಿ ಇರುತ್ತದೆ. ಟಿ3 ಯಂತ್ರಗಳು ಸಾಮಾನ್ಯವಾಗಿ "ಅನ್‌ಲಿಮಿಟೆಡ್" ಸ್ಥಿತಿಯಲ್ಲಿ ಶುರುವಾಗುತ್ತವೆ. ಅಂದರೆ ಪ್ರೊಸೆಸರ್ ಬಹಳ ಹೊತ್ತು ಪೂರ್ಣ ವೇಗದಲ್ಲಿ ದುಡಿದರೆ ಹೆಚ್ಚುವರಿ ಶುಲ್ಕ ಬೀಳಬಹುದು. "ಅಡ್ವಾನ್ಸ್ಡ್ ಡೀಟೇಲ್ಸ್" ಅಡಿಯಲ್ಲಿ ಕ್ರೆಡಿಟ್ ಸ್ಪೆಸಿಫಿಕೇಷನ್ ಅನ್ನು (ಇದಕ್ಕೂ ಡಾಲರ್ ಕ್ರೆಡಿಟ್‌ಗೂ ಸಂಬಂಧವಿಲ್ಲ) "ಸ್ಟ್ಯಾಂಡರ್ಡ್" ಮಾಡಿದರೆ ಶುಲ್ಕದ ಬದಲು ವೇಗ ಕಡಿಮೆಯಾಗುತ್ತದೆ. ಕಲಿಕೆಗೆ ಇದೇ ಒಳ್ಳೆಯದು.

ಕೀ ಪೇರ್: ಇದು ಪಾಸ್‌ವರ್ಡ್ ಬದಲು ಯಂತ್ರದೊಳಗೆ ಹೋಗಲು ಬಳಸುವ ಕೀ. ಹೊಸದನ್ನು ರಚಿಸಿದಾಗ ಒಂದು ಕಡತ ಡೌನ್‌ಲೋಡ್ ಆಗುತ್ತದೆ. ಅದನ್ನು ಕೊಡುವುದು ಒಂದೇ ಬಾರಿ, ಕಳೆದರೆ ಮತ್ತೆ ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಪ್ರೋಗ್ರಾಮ್ ಕಡತಗಳ ಜೊತೆ ಇಡಬೇಡಿ.

ಸೆಕ್ಯುರಿಟಿ ಗ್ರೂಪ್: ಇದು ಯಂತ್ರದ ಸುತ್ತಲಿನ ಫೈರ್‌ವಾಲ್. ಹೊರಗಿನಿಂದ ಬರುವುದರಲ್ಲಿ ನೀವು ಅನುಮತಿಸಿದ್ದು ಮಾತ್ರ ಒಳಗೆ ಬರುತ್ತದೆ. ಎಸ್‌ಎಸ್‌ಎಚ್‌ಗೆ (ದೂರದ ಯಂತ್ರದೊಳಗೆ ಹೋಗಿ ಆದೇಶ ಕೊಡುವ ಸುರಕ್ಷಿತ ವಿಧಾನ) ಬಳಸುವ 22ನೆಯ ಪೋರ್ಟ್‌ಗೆ ಪುಟವು ತಾನಾಗಿ "0.0.0.0/0" ಎಂದು ತುಂಬಿರಬಹುದು. ಅದರ ಅರ್ಥ ಜಗತ್ತಿನ ಯಾರಾದರೂ ಬಾಗಿಲು ತಟ್ಟಬಹುದು ಎಂದು, ಮತ್ತು ನಿಜಕ್ಕೂ ತಟ್ಟುತ್ತಾರೆ. ಅದನ್ನು ಬದಲಿಸಲೇಬೇಕು. ಏನಕ್ಕೆ ಬದಲಿಸಬೇಕು ಎಂಬುದು ಮುಂದಿನ ಹಂತದಲ್ಲಿ ಯಾವ ದಾರಿಯಿಂದ ಒಳಹೋಗುತ್ತೀರಿ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಲಾಂಚ್ ಒತ್ತುವ ಮೊದಲು ಅದನ್ನೂ ಓದಿ. 80ನೆಯ ಪೋರ್ಟ್, ಅಂದರೆ ಎಚ್‌ಟಿಟಿಪಿ, ಎಲ್ಲರಿಗೂ ತೆರೆದಿರಲಿ. ವೆಬ್ ಪುಟ ನೋಡಲು ಅದು ಬೇಕು.

ಡಿಸ್ಕ್: ತಾನಾಗಿ ಬಂದ 8 ಜಿಬಿಯನ್ನೇ ಉಳಿಸಿಕೊಳ್ಳಿ. ಎರಡನೆಯ ಡಿಸ್ಕ್ ಸೇರಿಸಬೇಡಿ.

## ಹಂತ 6: ಯಂತ್ರದೊಳಗೆ ಪ್ರವೇಶಿಸುವುದು

ಲಾಂಚ್ ಆದ ಮೇಲೆ "ರನ್ನಿಂಗ್" ಎಂದು ಕಂಡರೂ ಅವಸರ ಬೇಡ. "ಸ್ಟೇಟಸ್ ಚೆಕ್" ಕಾಲಂನಲ್ಲಿ ಎಲ್ಲ ಪರೀಕ್ಷೆಗಳೂ ಮುಗಿದವೆಂದು ಬರುವವರೆಗೆ ಕೆಲವು ನಿಮಿಷ ಕಾಯಿರಿ. ಆಮೇಲೆ ಯಂತ್ರವನ್ನು ಆರಿಸಿ "ಕನೆಕ್ಟ್" ಒತ್ತಿ.

ಅತ್ಯಂತ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವ ಜಾಗ ಇದೇ. ಜಾಣ್ಮೆಯಿಂದ 22ನೆಯ ಪೋರ್ಟ್‌ಗೆ "ಮೈ ಐಪಿ" (ತಮ್ಮ ವಿಳಾಸಕ್ಕೆ ಮಾತ್ರ ಅನುಮತಿ) ಎಂದು ನಿಯಮ ಹಾಕಿರುತ್ತಾರೆ, ಬಳಿಕ ಬ್ರೌಸರಿನಲ್ಲೇ ತೆರೆಯುವ "ಇಸಿ2 ಇನ್‌ಸ್ಟೆನ್ಸ್ ಕನೆಕ್ಟ್" ಬಳಸುತ್ತಾರೆ, ಸಂಪರ್ಕ ಸಿಗುವುದಿಲ್ಲ. ಬ್ರೌಸರ್ ನಿಮ್ಮ ಮನೆಯಲ್ಲಿದ್ದರೂ ಯಂತ್ರಕ್ಕೆ ಬರುವ ಸಂಪರ್ಕ ಎಡಬ್ಲ್ಯುಎಸ್‌ನ ಸ್ವಂತ ವಿಳಾಸಗಳಿಂದ ಬರುತ್ತದೆ, ನಿಮ್ಮ ಮನೆಯ ವಿಳಾಸದಿಂದ ಅಲ್ಲ. ಆದ್ದರಿಂದ ದಾರಿಗೆ ತಕ್ಕ ನಿಯಮ ಬೇಕು. ಬ್ರೌಸರಿನಿಂದ ಹೋಗುವುದಾದರೆ ಮೂಲದ ಜಾಗದಲ್ಲಿ "ಕಸ್ಟಮ್" ಆರಿಸಿ, ಹುಡುಕಾಟದಲ್ಲಿ ಬರುವ ಪ್ರಿಫಿಕ್ಸ್ ಲಿಸ್ಟ್‌ಗಳಲ್ಲಿ (ಐಪಿ ವಿಳಾಸಗಳ ಸಿದ್ಧ ಪಟ್ಟಿಗಳಲ್ಲಿ) ಇಸಿ2 ಇನ್‌ಸ್ಟೆನ್ಸ್ ಕನೆಕ್ಟ್ ಹೆಸರಿರುವುದನ್ನು ಆರಿಸಿ. ನಿಮ್ಮ ಕಂಪ್ಯೂಟರಿನ ಟರ್ಮಿನಲ್‌ನಿಂದ (ಆದೇಶ ಬರೆಯುವ ಕಿಟಕಿಯಿಂದ) ಕೀ ಕಡತ ಬಳಸಿ ಹೋಗುವುದಾದರೆ "ಮೈ ಐಪಿ" ಸರಿ. ಹೊಸಬರಿಗೆ ಮೊದಲ ದಾರಿಯೇ ಸುಲಭ ಎಂಬುದು ನನ್ನ ಅಭಿಪ್ರಾಯ.

"ಮೈ ಐಪಿ" ಬಳಸಿದವರಿಗೆ ಇನ್ನೊಂದು ತೊಡಕಿದೆ. ಮನೆಯ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಹಾಟ್‌ಸ್ಪಾಟ್‌ಗಳ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ನಿನ್ನೆ ತೆರೆದ ಬಾಗಿಲು ಇಂದು ಮುಚ್ಚಿದ್ದರೆ ನಿಯಮದಲ್ಲಿ ವಿಳಾಸವನ್ನು ಹೊಸದಾಗಿ ತುಂಬಿದರೆ ಸಾಕು. ಬೇಸರಪಟ್ಟು ಎಲ್ಲರಿಗೂ ತೆರೆದಿಡುವುದು ಪರಿಹಾರವಲ್ಲ.

ದೋಷದ ಸಂದೇಶವನ್ನು ಗಮನವಿಟ್ಟು ಓದಿದರೆ ಕಾರಣ ಅದರಲ್ಲೇ ಸಿಗುತ್ತದೆ. "ಕನೆಕ್ಷನ್ ಟೈಮ್ಡ್ ಔಟ್" ಎಂದರೆ ನಿಮ್ಮ ಕೋರಿಕೆ ಯಂತ್ರವನ್ನು ಮುಟ್ಟಲೇ ಇಲ್ಲ, ಆದ್ದರಿಂದ ಸೆಕ್ಯುರಿಟಿ ಗ್ರೂಪ್ ಮತ್ತು ಸಾರ್ವಜನಿಕ ಐಪಿ ನೋಡಿ. "ಕನೆಕ್ಷನ್ ರೆಫ್ಯೂಸ್ಡ್" ಎಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಉತ್ತರಿಸುವ ಸೇವೆ ಚಾಲೂ ಆಗಿಲ್ಲ. "ಪರ್ಮಿಷನ್ ಡಿನೈಡ್" ಎಂದರೆ ಯಂತ್ರವೇ ಉತ್ತರಿಸಿ ನಿರಾಕರಿಸಿದೆ, ಕೀ ಅಥವಾ ಬಳಕೆದಾರ ಹೆಸರು ತಪ್ಪಾಗಿದೆ. ಅಮೆಜಾನ್ ಲಿನಕ್ಸ್‌ನ ಬಳಕೆದಾರ ಹೆಸರು "ಇಸಿ2-ಯೂಸರ್", ಇನ್ನೊಂದು ಲಿನಕ್ಸ್ ಆದ ಉಬುಂಟುವಿನದು "ಉಬುಂಟು". ಟೈಮ್ಡ್ ಔಟ್ ಬಂದಾಗ ಕೀ ಬದಲಿಸುತ್ತ ಕೂರುವುದು, ಪರ್ಮಿಷನ್ ಡಿನೈಡ್ ಬಂದಾಗ ಪೋರ್ಟ್ ತೆರೆಯುತ್ತ ಹೋಗುವುದು, ಎರಡೂ ಬರಿಯ ಕಾಲಹರಣ.

## ಹಂತ 7: ವೆಬ್ ಸರ್ವರ್ ಅಳವಡಿಸಿ ಪರೀಕ್ಷಿಸುವುದು

ಒಳಗೆ ಹೋದೊಡನೆ ಮೊದಲು ಡಿಎನ್‌ಎಫ್ ಎಂಬ ಪ್ಯಾಕೇಜ್ ಮ್ಯಾನೇಜರ್‌ನಿಂದ (ತಂತ್ರಾಂಶ ಅಳವಡಿಸುವ ಸಾಧನದಿಂದ) ಸಿಸ್ಟಮ್ ಅಪ್‌ಡೇಟ್ ಮಾಡಿ, ನಂತರ ಅದರಿಂದಲೇ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಅಳವಡಿಸಿ. ಈ ಆದೇಶಗಳ ಮುಂದೆ ಸುಡೊ (ನಿರ್ವಾಹಕರ ಅಧಿಕಾರದಿಂದ ನಡೆಸು ಎಂಬ ಸೂಚನೆ) ಇರಬೇಕು. ಅಳವಡಿಸಿದ ಮಾತ್ರಕ್ಕೆ ಸೇವೆ ಶುರುವಾಗುವುದಿಲ್ಲ. ಸಿಸ್ಟಮ್‌ಸಿಟಿಎಲ್ ಆದೇಶದಿಂದ ಎರಡು ಕೆಲಸ ಪ್ರತ್ಯೇಕವಾಗಿ ಆಗಬೇಕು: "ಸ್ಟಾರ್ಟ್" ಈಗ ಚಾಲೂ ಮಾಡುತ್ತದೆ, "ಎನೇಬಲ್" ಯಂತ್ರ ಮರುಚಾಲೂ ಆದಾಗಲೆಲ್ಲ ತಾನಾಗಿ ಶುರುವಾಗುವಂತೆ ನೋಡಿಕೊಳ್ಳುತ್ತದೆ. ಎರಡನೆಯದನ್ನು ಮರೆತವರ ಪುಟ ಮೊದಲ ದಿನ ಚೆನ್ನಾಗಿ ತೆರೆದು, ಮರುದಿನ ಯಂತ್ರ ಎಬ್ಬಿಸಿದಾಗ ಮಾಯವಾಗುತ್ತದೆ.

ಈಗ ಕನ್ಸೋಲಿನಿಂದ ಸಾರ್ವಜನಿಕ ಐಪಿ ವಿಳಾಸವನ್ನು ನಕಲು ಮಾಡಿ ಬ್ರೌಸರಿನಲ್ಲಿ ತೆರೆಯಿರಿ. ಕನ್ಸೋಲಿನಲ್ಲಿರುವ "ಓಪನ್ ಅಡ್ರೆಸ್" ಕೊಂಡಿಯನ್ನು ಒತ್ತಿದರೆ ಅದು ಎಚ್‌ಟಿಟಿಪಿಎಸ್‌ನಿಂದ (ಎಚ್‌ಟಿಟಿಪಿಯ ಸುರಕ್ಷಿತ ರೂಪ) ತೆರೆಯಲು ಯತ್ನಿಸುತ್ತದೆ, ಅದಕ್ಕೆ ಬೇಕಾದ 443ನೆಯ ಪೋರ್ಟ್ ಮತ್ತು ಪ್ರಮಾಣಪತ್ರ ನಮ್ಮಲ್ಲಿಲ್ಲ, ಹಾಗಾಗಿ ಪುಟ ತಿರುಗುತ್ತಲೇ ಇರುತ್ತದೆ. ವಿಳಾಸದ ಮುಂದೆ ಎಚ್‌ಟಿಟಿಪಿ ಎಂದು ಕೈಯಿಂದಲೇ ಬರೆದು ತೆರೆಯಿರಿ. ಸ್ವಾಗತ ಪುಟ ಕಂಡರೆ ಕೆಲಸ ಆಯಿತು. ಕಾಣದಿದ್ದರೆ ಹಿಂದಿನ ಹಂತದ ದೋಷ ಸಂದೇಶಗಳ ತರ್ಕವನ್ನೇ 80ನೆಯ ಪೋರ್ಟ್‌ಗೂ ಅನ್ವಯಿಸಿ ನೋಡಿ.

## ಹಂತ 8: ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ

"ಸ್ಟಾಪ್" ಒತ್ತಿದರೆ ಪ್ರೊಸೆಸರ್ ಮತ್ತು ಮೆಮೊರಿಯ ಶುಲ್ಕ ನಿಲ್ಲುತ್ತದೆ, ಡಿಸ್ಕಿನ ಶುಲ್ಕ ನಿಲ್ಲುವುದಿಲ್ಲ. ಬಾಡಿಗೆ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಬಾಡಿಗೆ ಓಡುವಂತೆ ಇದು. ಮತ್ತೆ ಚಾಲೂ ಮಾಡಿದಾಗ ಸಾರ್ವಜನಿಕ ಐಪಿ ಬದಲಾಗಿರುತ್ತದೆ ಎಂಬುದನ್ನೂ ನೆನಪಿಡಿ.

"ಟರ್ಮಿನೇಟ್" ಒತ್ತಿದರೆ ಯಂತ್ರ ಶಾಶ್ವತವಾಗಿ ಹೋಗುತ್ತದೆ, ಸಾಮಾನ್ಯವಾಗಿ ಮೊದಲ ಡಿಸ್ಕ್ ಕೂಡ ಅದರ ಜೊತೆ ಅಳಿಯುತ್ತದೆ. ಮೊದಲ ಯಂತ್ರವನ್ನು ಕಲಿಕೆ ಮುಗಿದ ದಿನವೇ ಟರ್ಮಿನೇಟ್ ಮಾಡಿ ಎಂದು ನಾನು ಒತ್ತಾಯಿಸುತ್ತೇನೆ. ಮತ್ತೆ ಬೇಕಾದರೆ ಹತ್ತು ನಿಮಿಷದಲ್ಲಿ ರಚಿಸಬಹುದು, ಮತ್ತು ಎರಡನೆಯ ಬಾರಿ ರಚಿಸುವಾಗಲೇ ಹಂತಗಳು ನಿಜವಾಗಿ ಕೈಗೆ ಕೂರುತ್ತವೆ.

ಟರ್ಮಿನೇಟ್ ಮಾಡಿದ ಮೇಲೂ ಉಳಿಯಬಹುದಾದವು ಇವೆ. ಪ್ರತ್ಯೇಕವಾಗಿ ಸೇರಿಸಿದ ಡಿಸ್ಕ್‌ಗಳು "ವಾಲ್ಯೂಮ್ಸ್" ಪುಟದಲ್ಲಿ "ಅವೈಲಬಲ್" ಎಂಬ ಸ್ಥಿತಿಯಲ್ಲಿ ಇರುತ್ತವೆ. ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗಳು (ಡಿಸ್ಕಿನ ಪ್ರತಿಗಳು) ಹಾಗೆಯೇ ಇರುತ್ತವೆ. ಸ್ಥಿರ ವಿಳಾಸಕ್ಕಾಗಿ ಎಲಾಸ್ಟಿಕ್ ಐಪಿ ಪಡೆದಿದ್ದರೆ ಅದನ್ನು "ರಿಲೀಸ್" ಮಾಡುವವರೆಗೆ ಶುಲ್ಕ ನಡೆಯುತ್ತದೆ. 2024ರ ಫೆಬ್ರುವರಿ 1ರಿಂದ ಎಡಬ್ಲ್ಯುಎಸ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ, ಬಳಕೆಯಲ್ಲಿರಲಿ ಇಲ್ಲದಿರಲಿ, ಗಂಟೆಗೆ 0.005 ಡಾಲರ್ ವಿಧಿಸುತ್ತದೆ. ಮೂವತ್ತು ದಿನಕ್ಕೆ ಇದು 3.60 ಡಾಲರ್. ಸಣ್ಣ ಮೊತ್ತವೆನಿಸಿದರೂ ಗಮನಕ್ಕೆ ಬಾರದೆ ತಿಂಗಳುಗಟ್ಟಲೆ ಕ್ರೆಡಿಟ್ ತಿನ್ನುವುದು ಇಂಥವೇ.

ಕುತೂಹಲದಿಂದ ಬೇರೆ ಸೇವೆಗಳನ್ನು ಮುಟ್ಟಿದ್ದರೆ ಎರಡನ್ನು ಮುಖ್ಯವಾಗಿ ಪರಿಶೀಲಿಸಿ. ವಿಪಿಸಿ (ಖಾತೆಯ ಖಾಸಗಿ ಜಾಲ) ರಚಿಸುವಾಗ ನ್ಯಾಟ್ ಗೇಟ್‌ವೇ (ಆ ಜಾಲದ ಯಂತ್ರಗಳಿಗೆ ಹೊರಹೋಗುವ ದಾರಿ) ಸೇರಿಸಿದ್ದರೆ, ಅದು ಸುಮ್ಮನಿದ್ದರೂ ಗಂಟೆ ಲೆಕ್ಕದಲ್ಲಿ ಶುಲ್ಕ ವಿಧಿಸುತ್ತದೆ. ಆರ್‌ಡಿಎಸ್ ಎಂಬ ಸೇವೆಯ ಡೇಟಾಬೇಸ್ ಅನ್ನು ನಿಲ್ಲಿಸಿಟ್ಟರೆ 7 ದಿನಗಳ ನಂತರ ಅದು ತಾನಾಗಿ ಮತ್ತೆ ಚಾಲೂ ಆಗುತ್ತದೆ. ಬೇಡದಿದ್ದರೆ ಅಳಿಸುವುದೊಂದೇ ದಾರಿ.

## ಹಂತ 9: ಎರಡು ದಿನಗಳ ನಂತರದ ಪರಿಶೀಲನೆ

ಬಿಲ್‌ನ ಮಾಹಿತಿ ಪರದೆಗೆ ಬರಲು ಸುಮಾರು ಒಂದು ದಿನ ಹಿಡಿಯುವುದರಿಂದ, ಅಳಿಸಿದ ಕೂಡಲೇ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಎರಡು ದಿನ ಬಿಟ್ಟು "ಇಸಿ2 ಗ್ಲೋಬಲ್ ವ್ಯೂ" ತೆರೆಯಿರಿ. ಅದು ಎಲ್ಲ ರೀಜನ್‌ಗಳಲ್ಲಿರುವ ಯಂತ್ರಗಳು ಮತ್ತು ಡಿಸ್ಕ್‌ಗಳ ಸಂಖ್ಯೆಯನ್ನು ಒಂದೇ ಪುಟದಲ್ಲಿ ತೋರಿಸುತ್ತದೆ. ಪ್ರತಿ ರೀಜನ್‌ನಲ್ಲೂ ಒಂದು ವಿಪಿಸಿ ಮತ್ತು ಕೆಲವು ಸಬ್‌ನೆಟ್‌ಗಳು (ಅದರ ಉಪಜಾಲಗಳು) ಕಾಣಿಸಿದರೆ ಗಾಬರಿ ಬೇಡ, ಅವು ಖಾತೆಯ ಜೊತೆಗೇ ಬಂದವು, ಅವುಗಳಿಗೆ ಶುಲ್ಕವಿಲ್ಲ. ಆದರೆ ಯಂತ್ರ ಅಥವಾ ಡಿಸ್ಕ್ ಯಾವುದೇ ಊರಿನ ಹೆಸರಿನ ಮುಂದೆ ಕಂಡರೆ ಆ ರೀಜನ್‌ಗೆ ಹೋಗಿ ಅಳಿಸಿ. ನೀವು ಎಂದೂ ಮುಟ್ಟದ ರೀಜನ್‌ನಲ್ಲಿ ಯಂತ್ರಗಳು ಓಡುತ್ತಿದ್ದರೆ ಖಾತೆ ಬೇರೆಯವರ ಕೈಗೆ ಹೋಗಿರುವ ಸ್ಪಷ್ಟ ಲಕ್ಷಣ ಅದು. ತಕ್ಷಣ ಪಾಸ್‌ವರ್ಡ್ ಬದಲಿಸಿ, ಆ್ಯಕ್ಸೆಸ್ ಕೀಗಳನ್ನು ನಿಷ್ಕ್ರಿಯಗೊಳಿಸಿ, ಪರಿಚಯವಿಲ್ಲದ ಐಎಎಂ ಬಳಕೆದಾರರನ್ನು ತೆಗೆದು, ಕನ್ಸೋಲಿನ ಸಪೋರ್ಟ್ ಕೇಂದ್ರದಿಂದ ಎಡಬ್ಲ್ಯುಎಸ್‌ಗೆ ತಿಳಿಸಿ.

ನಂತರ "ಬಿಲ್ಸ್" ಪುಟದಲ್ಲಿ ಸೇವೆಗಳ ಪಟ್ಟಿಯನ್ನು ಒಂದೊಂದಾಗಿ ಬಿಡಿಸಿ ನೋಡಿ. ಡಿಸ್ಕಿನ ಶುಲ್ಕ ಇಸಿ2 ಎಂಬ ಶೀರ್ಷಿಕೆಯಡಿ, ಐಪಿ ವಿಳಾಸದ ಶುಲ್ಕ ವಿಪಿಸಿ ಎಂಬ ಶೀರ್ಷಿಕೆಯಡಿ ಕಾಣಿಸುವುದರಿಂದ, "ನಾನು ವಿಪಿಸಿ ಬಳಸಿಯೇ ಇಲ್ಲ" ಎಂದು ಆ ಸಾಲನ್ನು ದಾಟಿ ಹೋಗಬೇಡಿ. ಅಂದಿನ ಮೊತ್ತವನ್ನು ಬರೆದಿಟ್ಟುಕೊಂಡು ಮರುದಿನ ಮತ್ತೆ ನೋಡಿದಾಗ ಅದು ಬೆಳೆದಿಲ್ಲವಾದರೆ ಏನೂ ಉಳಿದಿಲ್ಲ ಎಂದರ್ಥ. ಬೆಳೆದಿದ್ದರೆ, ಯಾವ ಸಾಲಿನಲ್ಲಿ ಬೆಳೆದಿದೆಯೋ ಆ ಸಾಲೇ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ.